ಕೇಳಿದ ಓಲೆ

“ಸರ್, ಓಲೆ ಕದ್ದಿದ್ದು ಮಫ್ಲರ್ ಮೇಡಂ! ನನ್ನ ಕಿವಿಯಾರೆ ಕೇಳಿದೆ!”

ಮೇಷ್ಟ್ರು ಎದ್ದು ಬಾಗಿಲು ಮುಚ್ಚಿದರು. “ಮೆಲ್ಲಗೆ ಮಾತಾಡು. ಏನು ಕೇಳ್ದೆ?”

“ಮೆಟ್ಟಿಲ ಕೆಳಗೆ ನಿಂತು ಫೋನಲ್ಲಿ ಮಾತಾಡ್ತಿದ್ರು. ‘ಓಲೆ ಕೈಗೆ ಬಂತಲ್ಲ? ಜೋಪಾನ, ಮುರಿದುಗಿರಿದು ಹೋದೀತು. ಯಾರಿಗೂ ಹೇಳ್ಬೇಡ’ ಅಂದ್ರು. ಇನ್ನೇನು ಬೇಕು ಸರ್?”

ದಾಖಲೆ ಕಚೇರಿಯಲ್ಲಿ ಈ ವಿದ್ಯಾರ್ಥಿನಿಗೆ ಪಟಾಕಿ ಎಂದೇ ಹೆಸರು. ಟಿಪ್ಪಣಿ, ಪ್ರಬಂಧ, ಜಗಳ, ಎಲ್ಲವೂ ಅವಳಿಗೆ ಫೋನಿನಲ್ಲೇ. ಇವತ್ತು ಬೆಳಿಗ್ಗೆ ಓಲೆಯ ಪೆಟ್ಟಿಗೆ ತೆರೆದವಳೂ ಅವಳೇ. ಒಳಗೆ ಬರೀ ಸುತ್ತುಬಟ್ಟೆ. ಏಳುನೂರು ವರ್ಷದ ತಾಳೆಗರಿಯ ಓಲೆ ಮಾಯ. ರಿಜಿಸ್ಟರಿನಲ್ಲಿ ಕೊನೆಯ ಸಹಿ ಅವಳದೇ.

ಅದು ಅಂತಿಂಥ ಓಲೆಯಲ್ಲ. ಈ ದಡದ ವ್ಯಾಪಾರಿಯೊಬ್ಬ ಕಡಲಾಚೆಯ ಗೆಳೆಯನಿಗೆ, ತಿಂಗಳಿಗೊಂದು ಓಲೆ ಕಳಿಸು ಎಂದು ದುಭಾಷಿಯ ಬಾಯಲ್ಲಿ ಹೇಳಿಕಳಿಸಿದ್ದ. ದುಭಾಷಿಗೆ ಗೊತ್ತಿದ್ದದ್ದು ಕಿವಿಯ ಓಲೆಯೊಂದೇ. ಆಚೆಯಿಂದ ಒಂದು ಜೊತೆ ಒಡವೆ ಬಂತು. ಜೊತೆಗೆ, ಎರಡು ಲಿಪಿಗಳಲ್ಲಿ ಕೊರೆದ ಈ ಒಕ್ಕಣೆ: “ಕೇಳಿದ ಓಲೆ ಕಳಿಸಿದ್ದೇನೆ. ತಿಂಗಳಿಗೊಂದು ಯಾತಕ್ಕೆ? ನಿನಗೆ ಹೆಂಡಿರೆಷ್ಟು?”

ಎರಡು ದಡಗಳು ಮಾತಾಡಿಕೊಂಡದ್ದಕ್ಕೆ ಈ ಕಚೇರಿಯಲ್ಲಿದ್ದ ಸಾಕ್ಷಿ ಅದೊಂದೇ. ಪಟಾಕಿಯ ಪ್ರಬಂಧ ನಿಂತಿದ್ದೂ ಅದರ ಮೇಲೆ. “ಅಕ್ಷರ ನೋಡ್ಬೇಡ, ಮೊದಲು ತೂತು ನೋಡು,” ಎಂದು ಮೇಷ್ಟ್ರು ಕಲಿಸಿದ್ದರು. ಅಸಲಿ ಓಲೆಯ ತೂತು ದಾರ ಎಳೆದೆಳೆದು ಹಿಗ್ಗಿರುತ್ತದಂತೆ. ಆ ತೂತನ್ನು ಅವಳು ಫೋನಿನಲ್ಲಿ ನೂರು ಸಲ ದೊಡ್ಡದು ಮಾಡಿ ನೋಡಿದ್ದಳು.

ಮೇಷ್ಟ್ರು ಮೇಡಂಗೆ ಹೇಳಿಕಳಿಸಿದರು.

ಓಲೆಗಳ ಕೋಣೆಯ ಉಸ್ತುವಾರಿಗೆ ಆಕೆ ಬಂದು ಮೂರೇ ತಿಂಗಳು. ಕೋಣೆಯ ಚಳಿಗೆ ಸದಾ ತಲೆ, ಕಿವಿ ಸುತ್ತಿದ ಮಫ್ಲರ್. ಮಾತು ಕಡಿಮೆ.

“ಮೇಡಂ, ಯಾರಿಗೋ ಓಲೆ ಕೊಟ್ರಂತೆ?”

ಆಕೆ ಮೇಷ್ಟ್ರನ್ನು ನೋಡಿದರು. ಪಟಾಕಿಯನ್ನು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಅಯ್ಯೋ ನಿನ್ನ! ಕಿವಿ ಓಲೆ ಕಣೇ! ಚಿಕ್ಕವಳಿದ್ದಾಗ ಅಮ್ಮ ಕಿವಿ ಚುಚ್ಚಿಸಿ ಹಾಕಿದ್ದು. ಮೊನ್ನೆವರೆಗೂ ತೆಗೆದಿರಲಿಲ್ಲ. ತಂಗಿ ಆಸೆಪಟ್ಟಳು, ಕೊಟ್ಟೆ. ಅಮ್ಮಂಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾರೆ. ನೋಡು ಬೇಕಾದ್ರೆ!”

ಮಫ್ಲರ್ ಸರ್ರನೆ ಸರಿಯಿತು. ಬರಿಗಿವಿ. ಪಟಾಕಿಯ ಗಾಬರಿಬಿದ್ದ ಬೆರಳಿಗೆ ಫೋನು ಕ್ಲಿಕ್ ಎಂದಿತು. ಅಷ್ಟರಲ್ಲಿ ಮಫ್ಲರ್ ಮತ್ತೆ ಬಿಗಿಯಾಗಿತ್ತು.

“ಏಳುನೂರು ವರ್ಷ ಆಯ್ತು ಸರ್, ದುಭಾಷಿಗಳಿಗೆ ಇನ್ನೂ ಬುದ್ಧಿ ಬಂದಿಲ್ಲ,” ಎಂದರು ಮೇಡಂ.

ಮೇಷ್ಟ್ರೂ ನಕ್ಕರು. ಪಟಾಕಿ ಇಂಗು ತಿಂದ ಮಂಗನಂತೆ ನಿಂತಳು.

ಮೇಡಂ ಹೋದದ್ದೇ ಮೇಷ್ಟ್ರ ನಗು ಆರಿತು.

“ಪಾಪದವರ ಮೇಲೆ ಗೂಬೆ ಕೂರಿಸೋಕೆ ಬಂದ್ಯಲ್ಲಮ್ಮ. ಕೊನೇ ಸಹಿ ಯಾರದ್ದು?”

“ನಂದೇ ಸರ್. ಆದ್ರೆ ವಾಪಸ್ ಇಟ್ಟೇ ಹೋಗಿದ್ದೆ. ಆಣೆಗೂ!”

“ನಾಳೆ ಕಡಲಾಚೆಯಿಂದ ತಜ್ಞರು ಬರ್ತಿದ್ದಾರೆ. ಅವರಿಗೆ ನಿನ್ನ ಫೋನಿನ ಚಿತ್ರ ತೋರಿಸೋದಾ? ಹತ್ತು ಗಂಟೆಗೆ ನಿರ್ದೇಶಕರ ಕೋಣೆಗೆ ಬಾ. ಓಲೆ ಬಂದ್ರೆ ಸರಿ. ಇಲ್ದಿದ್ರೆ ನಿನ್ನ ಹೆಸರು ಹೊಡೆದುಹಾಕ್ತಾರೆ. ಪ್ರಬಂಧ ಮರೆತುಬಿಡು.”

ಪಟಾಕಿ ಮೆಟ್ಟಿಲ ಮೇಲೆ ಬಂದು ಕೂತಳು. ಫೋನಿನಲ್ಲಿ ‘ಮೇಡಂ, ತಪ್ಪಾಯ್ತು’ ಎಂದು ಬರೆದಳು. ಮುಂದಿನ ಸಾಲು ಹೊಳೆಯಲಿಲ್ಲ. ಕಳೆದುಹೋದ ಓಲೆಯನ್ನಾದರೂ ಕಣ್ತುಂಬ ನೋಡೋಣವೆಂದು ಚಿತ್ರಗಳನ್ನು ತೆರೆದಳು. ಮೊದಲಿಗೇ ಬಂದದ್ದು ಮೇಡಂ ಕಿವಿ.

ಅಭ್ಯಾಸಬಲ. ಎರಡು ಬೆರಳು ತಾವಾಗೇ ಚಿತ್ರವನ್ನು ದೊಡ್ಡದು ಮಾಡಿದವು. ಇನ್ನಷ್ಟು ಮಾಡಿದವು.

ಬರೆದದ್ದನ್ನು ಅಳಿಸಿ ಮೇಷ್ಟ್ರಿಗೆ ಫೋನ್ ಹಚ್ಚಿದಳು.

“ಸರ್, ನಾಳೆ ಹತ್ತಕ್ಕೆ ಬರ್ತೀನಿ. ಮೇಡಂನೂ ಕರೀರಿ. ಮಫ್ಲರ್ ಬೇಡ ಅನ್ನಿ.”

“ಯಾಕೆ, ಎದುರಿಗೇ ಕ್ಷಮೆ ಕೇಳ್ತೀಯಾ?”

“ಮೊದಲು ತೂತು ನೋಡು ಅಂದಿದ್ರಲ್ಲ ಸರ್, ನೋಡ್ದೆ. ಅವರ ಕಿವೀಲಿ ತೂತೇ ಇಲ್ಲ.”