ನೋಡುವ ಕೋಣೆಯ ದೀಪ

“ಬೀಗದ ಕೈ ನನ್ನ ಹತ್ರ ಇರ್ಲಿ ಮೇಡಂ. ಇವತ್ತಿನ ಪ್ರಯೋಗ ನಂದು.”

ಹಳೆಯ ಶಿಷ್ಯ ಬೆಳಿಗ್ಗೆ ಹೀಗೆ ಕೈ ಚಾಚಿದಾಗಲೇ ಪ್ರೊಫೆಸರಮ್ಮನ ಮೈಯೆಲ್ಲ ಉರಿದಿತ್ತು. ಕೊಟ್ಟಳು. ಇನ್ನೊಂದು ಕೀ ಅವಳ ಚೀಲದಲ್ಲಿತ್ತು.

ವಿಶ್ವವಿದ್ಯಾಲಯದ ಹೊಸ ಮಿದುಳು ಮತ್ತು ವರ್ತನೆಯ ಪ್ರಯೋಗಾಲಯಕ್ಕೆ ಮುಖ್ಯಸ್ಥರು ಯಾರೆಂದು ಸಮಿತಿ ಇವತ್ತೇ ತೀರ್ಮಾನಿಸಲಿತ್ತು. ಕಟ್ಟಿದವರು ಇಬ್ಬರು, ಕುರ್ಚಿ ಒಂದು. ಅವಳೇ ಪಾಠ ಹೇಳಿ, ಪಿಎಚ್‌ಡಿ ಮಾಡಿಸಿ, ಕೆಲಸ ಕೊಡಿಸಿದವನು ಈಗ ಗುರುವಿಗೇ ತಿರುಮಂತ್ರ ಹಾಕುತ್ತಿದ್ದ.

ಕಟ್ಟುವಾಗಲೂ ಹಾವು ಮುಂಗುಸಿಯೇ. ಪ್ರಯೋಗಕ್ಕೆ ಕೂರುವವರಿಗೊಂದು ಕೋಣೆ, ಅವರನ್ನು ನೋಡುವವರಿಗೆ ಪಕ್ಕದಲ್ಲಿ ಇನ್ನೊಂದು, ನಡುವೆ ಗೋಡೆಯಗಲದ ಗಾಜು. ನೋಡುವವರಿಗೆ ಅದು ಕಿಟಕಿ, ಕೂತವರಿಗೆ ಬರೀ ಕನ್ನಡಿ. “ನೋಡೋ ಕೋಣೆಗೆ ದೀಪ ಬೇಡ ಮೇಡಂ,” ಎಂದಿದ್ದ. “ನಾನೇನು ಗೂಬೆಯೇನಪ್ಪಾ, ಕತ್ತಲಲ್ಲಿ ಕೂತ್ಕೊಳ್ಳೋಕೆ?” ಎಂದು ಹಟಕ್ಕೆ ಬಿದ್ದು ಟ್ಯೂಬ್‌ಲೈಟ್ ಹಾಕಿಸಿದ್ದಳು. ಅವನ ಬಾಯಿ ಮುಚ್ಚಿಸಿದೆನೆಂದು ಬೀಗಿದ್ದಳು.

ಸಮಿತಿ ಬರುವುದು ಊಟವಾದ ಮೇಲೆ. ಶಿಷ್ಯ ಕುಲಪತಿಗಳ ತಲೆಗೇ ತಂತಿಗಳ ಟೋಪಿ ತೊಡಿಸಿ, ಎಲ್ಲರನ್ನೂ ಪ್ರಯೋಗದ ಕೋಣೆಯಲ್ಲೇ ಕತ್ತಲಲ್ಲಿ ಕೂರಿಸಿ, ಸುಮ್ಮನಿರುವ ಮಿದುಳಿನ ಅಲೆಗಳನ್ನು ತೋರಿಸುತ್ತಾನಂತೆ. ತೋರಿಸಲಿ, ತೋರಿಸಲಿ!

ಊಟದ ಹೊತ್ತಿಗೆ ಓಣಿ ಖಾಲಿಯಾಯಿತು. ಅವಳು ನೋಡುವ ಕೋಣೆಗೆ ನುಸುಳಿ, ಬಾಗಿಲು ಹಾಕಿ, ದೀಪ ಹಾಕಿದಳು. ಗಾಜಿನತ್ತ ಕಣ್ಣು ಹಾಯಿಸಿದಳು. ಆಚೆ ನರಪಿಳ್ಳೆಯೂ ಕಾಣಲಿಲ್ಲ. ಅವಳ ಮುಖವೇ ಅವಳಿಗೆ ಕಂಡಿತು. ಕೆದರಿದ ಕೂದಲನ್ನು ಹಾಗೇ ಸರಿಮಾಡಿಕೊಂಡಳು.

ಮಿದುಳಿನ ಅಲೆ ಅಳೆಯುವ ಯಂತ್ರ ಮೇಜಿನ ಮೇಲಿತ್ತು, ಇನ್ನೂ ಶುರುಮಾಡಿರಲಿಲ್ಲ. ಅದರ ಬೆನ್ನಿನಿಂದ ಟೋಪಿಯ ಕೇಬಲ್ ಕಿತ್ತು, ಪಿನ್ನುಗಳನ್ನು ಇಕ್ಕಳದಿಂದ ಮುರಿದು, ಏನೂ ಆಗಿಲ್ಲವೆಂಬಂತೆ ಮತ್ತೆ ಸಿಕ್ಕಿಸಿದಳು.

“ಈಗ ತೋರ್ಸಪ್ಪಾ ಆ ಮುದುಕನ ಮಿದುಳು. ಇದ್ರೆ ತಾನೇ!” ಗಾಜಿನಲ್ಲಿದ್ದ ತನ್ನ ಮುಖಕ್ಕೆ ನಾಲಿಗೆ ಚಾಚಿ ನಕ್ಕಳು. ಎಷ್ಟೋ ದಿನಕ್ಕೆ ಹೊಟ್ಟೆ ತಣ್ಣಗಾಯಿತು.

ಆಚೆ ಕೋಣೆಯಲ್ಲಿ ದೀಪ ಹತ್ತಿತು.

ಬೇಗನೆ ಬಂದುಬಿಟ್ಟಿದ್ದ ಸಮಿತಿ ಸಾಲಾಗಿ ಕೂತಿತ್ತು. ನಡುವೆ, ತಂತಿಯ ಟೋಪಿ ತೊಟ್ಟ ಕುಲಪತಿಗಳು. ಎಲ್ಲರ ಕಣ್ಣೂ ಅವಳ ಕೈಯಲ್ಲಿದ್ದ ಇಕ್ಕಳದ ಮೇಲೆ.

ಗೋಡೆಯ ಸ್ಪೀಕರಿನಲ್ಲಿ ಶಿಷ್ಯನ ದನಿ ಕೇಳಿತು: “ಬೆಳಕಲ್ಲಿರೋರು ಕಾಣ್ತಾರೆ, ಕತ್ತಲಲ್ಲಿರೋರು ನೋಡ್ತಾರೆ ಅಂತ ನೀವೇ ಹೇಳ್ಕೊಟ್ಟಿದ್ದು ಮೇಡಂ. ಅದಕ್ಕೇ ಆ ದೀಪ ಬೇಡ ಅಂದಿದ್ದೆ.”