ನಾಲ್ಕನೇ ದೀಪ

ಅಜ್ಜಿ ಕಿನ್ನಿಯ ಧಾರಾವಾಹಿ ಶುರುವಾದದ್ದೇ ತಡ, ನ್ಯೂಸ್ ಹಾಕಲೆಂದು ಅಪ್ಪ ಪೂವಪ್ಪ ಕುರ್ಚಿಯಿಂದ ಎದ್ದ. ಯೋಗೀಶನ ಮೈ ಉರಿಯಿತು. ನೋಡುವವರು ಕಡಿಮೆಯೆಂದು ಆ ಧಾರಾವಾಹಿಯನ್ನೇ ನಿಲ್ಲಿಸುವ ಸುದ್ದಿಯಿತ್ತು. ವೀಕ್ಷಕರನ್ನು ಎಣಿಸುವ ಮೀಟರು ಇಡೀ ಎಣ್ಮಕಜೆ ಊರಿನಲ್ಲಿ ಇವರ ಮನೆಯಲ್ಲಷ್ಟೇ ಇತ್ತು. ಟಿವಿ ನೋಡುವಾಗ ಅಪ್ಪ, ಅಮ್ಮ, ಯೋಗೀಶ, ಅಜ್ಜಿ ನಾಲ್ವರೂ ತಂತಮ್ಮ ಬಟನು ಒತ್ತಬೇಕು; ಒತ್ತಿದವರ ದೀಪ ಮೀಟರಿನಲ್ಲಿ ಹೊತ್ತುತ್ತದೆ. ಅಡುಗೆಮನೆಯ ಬಾಗಿಲಲ್ಲಿ ನಿಂತೇ ನೋಡುವ ಕಿನ್ನಿ ಮಾತ್ರ ಒಮ್ಮೆಯೂ ಒತ್ತಿರಲಿಲ್ಲ.

"ಇದನ್ನು ಯಾರು ನೋಡುವುದು ಮಾರಾಯ?" ಎಂದ ಪೂವಪ್ಪ.

"ಅಜ್ಜಿ ನೋಡುವುದು ಲೆಕ್ಕಕ್ಕಿಲ್ಲವಾ? ಒಂದು ಮೀಟರಿಗೆ ಸಾವಿರಾರು ಮನೆಯ ತೂಕ ಉಂಟು, ಗೊತ್ತುಂಟಾ?" ಯೋಗೀಶ ಸಿಡಿದ.

ಕಿನ್ನಿ ಸೆರಗಿಗೆ ಕೈ ಒರೆಸುತ್ತ ಒಳಗೆ ಬಂದಳು. ಮಗನ ಕುರ್ಚಿಯಲ್ಲೇ ಕುಳಿತು ತನ್ನ ಬಟನು ಒತ್ತಿದಳು. ಮೀಟರಿನಲ್ಲಿ ನಾಲ್ಕನೇ ದೀಪ ಹೊತ್ತಿತು.

"ಪೂವಪ್ಪಾ, ಸ್ವಲ್ಪ ಆಚೆ ಸರಿ," ಎಂದಳು. "ನನಗೆ ಟಿವಿ ಕಾಣುವುದಿಲ್ಲ."