ಉಪ್ಪುನೀರಿನ ಹುಳಗಳು

ಪಂಢರಿ ಫೋನಿನ ಮುಂದೆ ಗಾಜಿನ ಸೀಸೆಯೊಂದನ್ನು ಎತ್ತಿ ಹಿಡಿದ. ಒಳಗೆ ಕಂದು ಬಣ್ಣದ ಕೆಸರು ನೀರಿತ್ತು. "ನೋಡು, ಇವೇ ನನ್ನ ಹುಳ. ಕಣ್ಣಿಗಿ ಕಾಣಂಗಿಲ್ಲ. ಎಣ್ಣಿ ಬಾವಿಯಿಂದ ಬರೋ ಉಪ್ಪುನೀರಿನಾಗಿನ ಹೊಲಸೆಲ್ಲಾ ಇವೇ ತಿಂತಾವ."

"ನಿಮ್ಮ ಕೈಯಾಗ ಬೆಳದವು, ತಿನ್ನೋದು ಬ್ಯಾರೆ ಕಲಿಸ್ಬೇಕೇನ್ರಿ?" ಎಂದಳು ಶೇವಂತಾ. ಡಾಬಕಾ ಊರಿನ ಮನೆಯ ಕಟ್ಟೆಯ ಮೇಲೆ ಕೂತು ಅವಳು ಫೋನಿನಲ್ಲಿ ನೋಡುತ್ತಿದ್ದದ್ದು ಸೀಸೆ ಹಿಡಿದ ಬೆರಳುಗಳನ್ನು. ಮಳೆ ಕೈಕೊಟ್ಟ ವರ್ಷ ರಾಜಸ್ಥಾನಕ್ಕೆ ದುಡಿಯಲು ಹೋದ ಗಂಡ ಮೂರು ವರ್ಷದಲ್ಲಿ ಒಮ್ಮೆಯೂ ಊರಿಗೆ ಬಂದಿರಲಿಲ್ಲ. ಕರೆದಾಗಲೆಲ್ಲ ಅವನದು ಒಂದೇ ಮಾತು: "ಬಂದ್ರ ಪೂರಾ ಬರ್ತೇನಿ. ಎರಡು ದಿನಕ್ಕ ಬಂದು ಏನ್ ಮಾಡ್ಲಿ?"

"ಇವು ಮೊದಲ ಸಿಹಿನೀರಿನಾಗ ಇದ್ದವು," ಎಂದ ಪಂಢರಿ. "ದಿನಾ ಇಷ್ಟಿಷ್ಟು ಉಪ್ಪು ಹೆಚ್ಚಿಸಿ ರೂಢಿ ಮಾಡಿದ್ವಿ. ಈಗ ಒಮ್ಮೆಗೇ ಸಿಹಿನೀರಿಗಿ ಹಾಕಿದ್ರ ಒಡದು ಸಾಯ್ತಾವ." ಆಮೇಲೆ ಸೀಸೆಯನ್ನು ಕೆಳಗಿಟ್ಟ. "ನನಗೂ ಇಲ್ಲೇ ರೂಢಿ ಆಗ್ಯಾದ, ಶೇವಂತಾ. ಊರಾಗ ಹ್ಯಾಂಗ ಇರ್ಲಿ ಅಂತ ಅಂಜಿಕಿ ಬರ್ತದ."

ಶೇವಂತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅವನ್ನ ತಿರುಗಿ ಸಿಹಿನೀರಿಗಿ ತರಬೇಕಂದ್ರ ಏನ್ ಮಾಡ್ತೀರಿ?"

"ಉಪ್ಪು ದಿನಾ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ಬೇಕು."

"ಹಂಗಾದ್ರ ಎಳ್ಳಮವಾಸಿಗಿ ಎರಡೇ ದಿನ ಬರ್ರಿ," ಎಂದಳು ಅವಳು. "ಹೊಲದಾಗ ಕಾಳು-ಪಲ್ಯಾ ಕೂಡಿಸಿ ಕುದಿಸಿದ ಭಜ್ಜಿ ಉಂಡು ಹೋಗ್ರಿ. ಯುಗಾದಿಗಿ ನಾಕ್ ದಿನ ಬರ್ರಿ."